ಎಳೆ ಹರಿದಾಗ ಮಗ್ಗ ನಿಲ್ಲಬೇಕು
ಸಾಫ್ಟ್‌ವೇರ್ ತಂಡಗಳು ದಿನಾ 15 ನಿಮಿಷ ಯಾಕೆ ಮಾತಾಡುತ್ತವೆ?



ಮೊದಲು ನನ್ನದೇ ಒಂದು ತಪ್ಪಿನ ಕತೆ ಹೇಳಿಬಿಡ್ತೀನಿ.

ಕೆಲವು ವರ್ಷಗಳ ಹಿಂದೆ ವಿಜ್ಞಾನ ಪ್ರದರ್ಶನಕ್ಕಾಗಿ ಒಂಬತ್ತನೇ ತರಗತಿಯ ಹತ್ತು ಮಕ್ಕಳ ಕೈಲಿ ಒಂದು ಮಾದರಿ ಮಾಡಿಸುತ್ತಿದ್ದೆ. ಮಣ್ಣು ಒಣಗಿದ ಕೂಡಲೇ ಸಣ್ಣ ಪಂಪು ತಾನಾಗಿಯೇ ಶುರುವಾಗಿ ಕಬ್ಬಿನ ಸಾಲಿಗೆ ನೀರು ಬಿಡಬೇಕು, ಮಣ್ಣು ಹಸಿಯಾದರೆ ನಿಲ್ಲಬೇಕು. ಬಿದ್ರಿ ಅಂದರೆ ದೂಧಗಂಗಾ-ವೇದಗಂಗಾ ಸಕ್ಕರೆ ಕಾರ್ಖಾನೆಯ ಊರು, ಸುತ್ತ ಕಬ್ಬೇ ಕಬ್ಬು. ಹಾಗಾಗಿ ಮಕ್ಕಳಿಗೆ ವಿಷಯ ಇಷ್ಟವಾಗಿತ್ತು. ಮೂರು ಗುಂಪು ಮಾಡಿದೆ. ಒಂದಕ್ಕೆ ನೀರಿನ ಡಬ್ಬಿ ಮತ್ತು ಪೈಪು, ಇನ್ನೊಂದಕ್ಕೆ ಕಟ್ಟಿಗೆಯ ಸ್ಟ್ಯಾಂಡು, ಮತ್ತೊಂದಕ್ಕೆ ವಿದ್ಯುತ್ ಮಂಡಲ. "ಹದಿನೈದು ದಿನ ಟೈಮ್ ಐತಿ, ಮುಗಿಸಿ ತಗೊಂಡ ಬರ್ರಿ" ಅಂತ ಹೇಳಿ ನನ್ನ ಪಾಠಗಳಲ್ಲಿ ಮುಳುಗಿಹೋದೆ.

ಪ್ರದರ್ಶನದ ಹಿಂದಿನ ದಿನ ಮೂರೂ ಭಾಗ ಬಂದವು. ಡಬ್ಬಿಯನ್ನು ಸ್ಟ್ಯಾಂಡಿನ ಮೇಲಿನ ಕಿಂಡಿಯಲ್ಲಿ ಕೂರಿಸಲು ಹೋದರೆ ಅದು ಸೀದಾ ಕೆಳಗೆ ಬಿತ್ತು! ಡಬ್ಬಿಯ ಗುಂಪು ಚೀಟಿಯಲ್ಲಿ "ಅಗಲ 8" ಅಂತ ಬರೆದುಕೊಟ್ಟಿತ್ತು. ಅವರ ಮನಸ್ಸಿನಲ್ಲಿ ಇದ್ದದ್ದು 8 ಸೆಂಟಿಮೀಟರ್. ಬಡಿಗೇರರ ಅಂಗಡಿಯಲ್ಲಿ ಅಳತೆ ನಡೆಯೋದು ಇಂಚಿನಲ್ಲಿ. ಅವರು 8 ಇಂಚು, ಅಂದರೆ 20 ಸೆಂಟಿಮೀಟರಿಗಿಂತ ತುಸು ಹೆಚ್ಚೇ ಕಿಂಡಿ ಕೊರೆದಿದ್ದರು.

ಆಮೇಲೆ ಒಂದು ವಿಷಯ ಗೊತ್ತಾಯಿತು. ಸ್ಟ್ಯಾಂಡಿನ ಗುಂಪಿನ ಒಬ್ಬ ಹುಡುಗಿಗೆ ಹತ್ತು ದಿನ ಮೊದಲೇ ಅನುಮಾನ ಬಂದಿತ್ತು. "ಮತ್ತ ಯಾಕ ಹೇಳ್ಲಿಲ್ಲವಾ?" ಅಂತ ಕೇಳಿದೆ. ತಲೆ ತಗ್ಗಿಸಿ ಅಂದಳು, "ನೀವು ಸಿಟ್ಟಿಗೇಳ್ತೀರಿ ಅಂತ ಅಂಜಿ ಸುಮ್ನಿದ್ನಿರಿ ಸರ್."

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ತಪ್ಪು ಬಡಿಗೇರರದ್ದಲ್ಲ, ಮಕ್ಕಳದ್ದೂ ಅಲ್ಲ. ಹದಿನೈದು ದಿನದಲ್ಲಿ ಅವರೆಲ್ಲ ಒಂದು ಕಡೆ ನಿಂತು ಮಾತಾಡೋದಕ್ಕೆ ನಾನು ಹತ್ತು ನಿಮಿಷವನ್ನೂ ಇಟ್ಟಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕೆಟ್ಟ ಸುದ್ದಿ ತಂದವರಿಗೆ ಬೈಗುಳ ಗ್ಯಾರಂಟಿ ಅನ್ನೋ ಹಾಗೆ ನಡೆದುಕೊಂಡಿದ್ದೆ.

ಇದಾದ ಮೇಲೆ ದೀಪಾವಳಿಗೆ ಊರಿಗೆ ಬಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಭೇಟಿಯಾದಳು. ಅವಳು ಪುಣೆಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆಯುತ್ತಾಳೆ. ಈ ಕತೆ ಕೇಳಿ ನಕ್ಕು, "ಸರ್, ಇದಕ್ಕಂತನ ನಮ್ಮಲ್ಲಿ ದಿನಾ ಮುಂಜಾನೆ ಹದಿನೈದು ನಿಮಿಷ ನಿಂತು ಮಾತಾಡ್ತೇವ್ರಿ. ಅಜೈಲ್ ಅಂತಾರ ಅದಕ್ಕ" ಅಂದಳು. ಅವತ್ತಿನಿಂದ ಆ ವಿಷಯ ಓದತೊಡಗಿದೆ. ಓದಿದ್ದರಲ್ಲಿ ನಿಮಗೂ ಉಪಯೋಗ ಆಗುವಷ್ಟನ್ನು ಇಲ್ಲಿ ಬರೆದಿದ್ದೇನೆ.

ಅಜೈಲ್ ಅಂದರೇನು?

'ಅಜೈಲ್' ಅಂದರೆ ಚುರುಕು. ಬೇಕೆಂದಾಗ ಬೇಗ ತಿರುಗಬಲ್ಲದ್ದು ಎಂದರ್ಥ. ಸಾಫ್ಟ್‌ವೇರ್ ತಯಾರಿಸುವ ಒಂದು ಬಗೆಗೆ ಈ ಹೆಸರಿದೆ.

ಹಿಂದಿನಿಂದ ನಡೆದು ಬಂದ ಪದ್ಧತಿಗೆ 'ಜಲಪಾತ' ಎನ್ನುತ್ತಾರೆ. ಮೊದಲು ಏನೇನು ಬೇಕು ಅಂತ ಪೂರ್ತಿ ಬರೆಯುವುದು, ಆಮೇಲೆ ವಿನ್ಯಾಸ, ಆಮೇಲೆ ಪ್ರೋಗ್ರಾಂ ಬರೆಯುವುದು, ಕೊನೆಗೆ ಪರೀಕ್ಷೆ. ನೀರು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಇಳಿದ ಹಾಗೆ ಕೆಲಸ ಕೆಳಗೆ ಇಳಿಯುತ್ತದೆ. ನೀರು ಮೇಲೆ ಹತ್ತುವುದಿಲ್ಲವಲ್ಲ, ಹಾಗೆಯೇ ಮೊದಲ ಮೆಟ್ಟಿಲಿನ ತಪ್ಪು ಕೊನೆಯ ಮೆಟ್ಟಿಲಿನಲ್ಲಿ ಗೊತ್ತಾದರೆ ತಿದ್ದುವುದು ಬಹಳ ಕಷ್ಟ. ನಾನು ಮಕ್ಕಳಿಗೆ ಮಾಡಿಸಿದ್ದು ಇದನ್ನೇ!

2001ರ ಫೆಬ್ರವರಿ 11ರಿಂದ 13ರವರೆಗೆ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಜಾಗದಲ್ಲಿ 17 ಮಂದಿ ಸಾಫ್ಟ್‌ವೇರ್ ತಜ್ಞರು ಸೇರಿ ಒಂದು ಚಿಕ್ಕ ಪ್ರಣಾಳಿಕೆ ಬರೆದರು. ಅದನ್ನೇ ಅಜೈಲ್ ಪ್ರಣಾಳಿಕೆ ಎನ್ನುತ್ತಾರೆ. ಅದರಲ್ಲಿ ನಾಲ್ಕು ಮೌಲ್ಯಗಳಿವೆ. ಮೊದಲನೆಯದರ ಸಾರ ಏನೆಂದರೆ, ವಿಧಾನ ಮತ್ತು ಸಲಕರಣೆಗಳಿಗಿಂತ ಮನುಷ್ಯರಿಗೂ ಅವರ ನಡುವಿನ ಮಾತುಕತೆಗೂ ಹೆಚ್ಚು ಬೆಲೆ ಕೊಡಬೇಕು. ಕಂಪ್ಯೂಟರಿನಲ್ಲೇ ಮುಳುಗಿದವರು ಮೊದಲ ಸ್ಥಾನ ಕೊಟ್ಟಿದ್ದು ಮಾತಿಗೆ, ನೋಡಿ.

ಅಜೈಲ್ ತಂಡ ವರ್ಷದ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿಕೊಳ್ಳುತ್ತದೆ. ಒಂದು ತುಂಡಿಗೆ ಸಾಮಾನ್ಯವಾಗಿ ಎರಡು ವಾರ, ಹೆಚ್ಚೆಂದರೆ ಒಂದು ತಿಂಗಳು. ಇದಕ್ಕೆ 'ಸ್ಪ್ರಿಂಟ್' ಎಂದು ಹೆಸರು. ನೂರು ಮೀಟರ್ ಓಟದ ಹಾಗೆ. ಪ್ರತಿ ಸ್ಪ್ರಿಂಟಿನ ಕೊನೆಗೆ ಕೆಲಸ ಮಾಡುವ ಒಂದು ಭಾಗವನ್ನು ಬಳಸುವವರ ಮುಂದೆ ಇಟ್ಟು, "ಹೀಗಿದೆ, ಸರಿಯೇ?" ಎಂದು ಕೇಳುತ್ತಾರೆ. ಆಮೇಲೆ ತಂಡದವರೇ ಕೂತು "ನಾವು ಕೆಲಸ ಮಾಡಿದ ರೀತಿ ಹೇಗಿತ್ತು, ಏನು ಬದಲಾಗಬೇಕು?" ಎಂದು ಹಿನ್ನೋಟ ಮಾಡುತ್ತಾರೆ.

ಮೂರು ಪ್ರಶ್ನೆ, ಹದಿನೈದು ನಿಮಿಷ

ಅಜೈಲ್ ಪದ್ಧತಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 'ಸ್ಕ್ರಮ್'. ಈ ಮಾತು ರಗ್ಬಿ ಆಟದ್ದು. ಅದರಲ್ಲಿ ಆಟಗಾರರು ಹೆಗಲಿಗೆ ಹೆಗಲು ಕೊಟ್ಟು ಗುಂಪಾಗಿ ಚೆಂಡಿಗಾಗಿ ತಳ್ಳಾಡುತ್ತಾರೆ. 1986ರಲ್ಲಿ ಟಕೆಯುಚಿ ಮತ್ತು ನೊನಾಕಾ ಎಂಬ ಇಬ್ಬರು ಜಪಾನಿ ವಿದ್ವಾಂಸರು ಹೊಸ ಉತ್ಪನ್ನ ತಯಾರಿಸುವ ಒಳ್ಳೆಯ ತಂಡಗಳನ್ನು ರಗ್ಬಿ ತಂಡಕ್ಕೆ ಹೋಲಿಸಿ ಲೇಖನ ಬರೆದರು. ಆಮೇಲೆ ಜೆಫ್ ಸದರ್‌ಲ್ಯಾಂಡ್ ಮತ್ತು ಕೆನ್ ಶ್ವೇಬರ್ ಆ ವಿಚಾರವನ್ನು ಸಾಫ್ಟ್‌ವೇರಿಗೆ ತಂದು, 1995ರಲ್ಲಿ ಸ್ಕ್ರಮ್ ಪದ್ಧತಿಯನ್ನು ಜಗತ್ತಿನ ಮುಂದಿಟ್ಟರು.

ಸ್ಕ್ರಮ್ ತಂಡ ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಸೇರುತ್ತದೆ. ಬಹಳ ಕಡೆ ನಿಂತೇ ಮಾತಾಡುತ್ತಾರೆ. ಕೂತರೆ ಮಾತು ಉದ್ದ ಆಗ್ತದಲ್ಲ, ಅದಕ್ಕೆ! 15 ನಿಮಿಷ ಮೀರುವಂತಿಲ್ಲ. ಒಬ್ಬೊಬ್ಬರೂ ಮೂರು ಪ್ರಶ್ನೆಗೆ ಉತ್ತರ ಹೇಳುವುದು ರೂಢಿ:

1. ನಿನ್ನೆ ಏನು ಮಾಡಿದೆ?
2. ಇವತ್ತು ಏನು ಮಾಡ್ತೀನಿ?
3. ಎಲ್ಲಿ ಸಿಕ್ಕಿಕೊಂಡಿದ್ದೀನಿ?

ಮೊದಲ ಎರಡಕ್ಕೆ ಉತ್ತರ ಎಲ್ಲರೂ ಸಲೀಸಾಗಿ ಹೇಳುತ್ತಾರೆ. ಮೂರನೆಯದೇ ಕಷ್ಟ. ಆದರೆ ಇಡೀ ಸಭೆಯ ಜೀವ ಇರೋದೇ ಅಲ್ಲಿ. "ಇದು ನನಗೆ ತಿಳೀವಲ್ದು" ಎಂದು ಒಬ್ಬರು ಬಾಯಿ ಬಿಟ್ಟರೆ, "ನನಗೂ ಹೋದ ತಿಂಗಳು ಹಾಗೇ ಆಗಿತ್ತು, ಸಭೆ ಮುಗಿದ ಮೇಲೆ ಬಾ ತೋರಿಸ್ತೀನಿ" ಎನ್ನುವ ಇನ್ನೊಬ್ಬರು ಸಿಗುತ್ತಾರೆ. ಮೂರು ದಿನದ ಒದ್ದಾಟ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ನಮ್ಮ ಕಬ್ಬಿನ ಉದಾಹರಣೆಯಿಂದಲೇ ನೋಡೋಣ. ಕಡಿದ ಕಬ್ಬನ್ನು ಕಾರ್ಖಾನೆಗೆ ಬೇಗ ಸಾಗಿಸಬೇಕು ಅಂತ ಯಾಕೆ ಇಷ್ಟು ಗಡಿಬಿಡಿ? ಕಡಿದ ಮೇಲೆ ಕಬ್ಬಿನೊಳಗಿನ ಸುಕ್ರೋಸ್ ಕಿಣ್ವಗಳಿಂದ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗತೊಡಗುತ್ತದೆ. ಅವು ಸಿಹಿಯೇ, ಆದರೆ ಅವುಗಳಿಂದ ಸಕ್ಕರೆಯ ಹರಳು ಕಟ್ಟುವುದಿಲ್ಲ. ಹೊತ್ತು ಹೋದಷ್ಟೂ ಇಳುವರಿ ಇಳಿಯುತ್ತದೆ. ತೊಂದರೆಯ ಸುದ್ದಿಯೂ ಹೀಗೇ. ಮೊದಲ ದಿನ ಹೇಳಿದರೆ ಒಂದು ಚೀಟಿ ತಿದ್ದಿದರೆ ಸಾಕು. ಹತ್ತನೇ ದಿನ ಹೇಳಿದರೆ ಸ್ಟ್ಯಾಂಡನ್ನೇ ಮತ್ತೆ ಮಾಡಿಸಬೇಕು.

ಒಂದು ಲೆಕ್ಕ

ನಿಮ್ಮ ಗುಂಪಿನಲ್ಲಿ ಇಬ್ಬರಿದ್ದರೆ ಮಾತಿನ ದಾರಿ ಒಂದೇ. ಮೂವರಿದ್ದರೆ ಮೂರು. ನಾಲ್ವರಾದರೆ ಆರು. ಕಾಗದದ ಮೇಲೆ ಚುಕ್ಕಿ ಇಟ್ಟು, ಪ್ರತಿ ಚುಕ್ಕಿಯಿಂದ ಉಳಿದ ಎಲ್ಲ ಚುಕ್ಕಿಗೂ ಗೆರೆ ಎಳೆದು ಎಣಿಸಿ ನೋಡಿ. ಸೂತ್ರ ಹೀಗಿದೆ: ಜನರ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯಿಂದ ಗುಣಿಸಿ, ಎರಡರಿಂದ ಭಾಗಿಸಿ.

5 ಜನ: 5 × 4 ÷ 2 = 10 ದಾರಿ
10 ಜನ: 10 × 9 ÷ 2 = 45 ದಾರಿ
30 ಜನ: 30 × 29 ÷ 2 = 435 ದಾರಿ

ಜನ ಮೂರು ಪಟ್ಟಾದರೆ ದಾರಿಗಳು ಸುಮಾರು ಹತ್ತು ಪಟ್ಟಾದವು! ಐಬಿಎಂ ಕಂಪನಿಯಲ್ಲಿ ದೊಡ್ಡ ಸಾಫ್ಟ್‌ವೇರ್ ಯೋಜನೆ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರ ತಮ್ಮ ಪುಸ್ತಕದಲ್ಲಿ ಈ ಲೆಕ್ಕವನ್ನು ಎತ್ತಿ ತೋರಿಸಿದರು. ತಡವಾಗಿರುವ ಯೋಜನೆಗೆ ಹೊಸ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂಬ ಅವರ ಮಾತು 'ಬ್ರೂಕ್ಸ್ ನಿಯಮ' ಎಂದೇ ಹೆಸರಾಗಿದೆ. ಹೊಸಬರಿಗೆ ಕೆಲಸ ಕಲಿಸಬೇಕು, ಮಾತಿನ ದಾರಿಗಳೂ ಹೆಚ್ಚುತ್ತವೆ. ಬಾವಿ ತೋಡಲು ಹತ್ತು ಜನ ಹೆಚ್ಚು ಬಂದರೆ ಕೆಲಸ ಬೇಗ ಆದೀತು. ಪ್ರೋಗ್ರಾಂ ಬರೆಯುವ ಕೆಲಸ ಹಾಗಲ್ಲ.

ಈ ಕಾರಣಕ್ಕೇ ಸ್ಕ್ರಮ್ ತಂಡದಲ್ಲಿ ಸಾಮಾನ್ಯವಾಗಿ ಹತ್ತು ಅಥವಾ ಅದಕ್ಕಿಂತ ಕಡಿಮೆ ಜನ ಇರುತ್ತಾರೆ. ಎಲ್ಲರೂ ಒಂದೇ ಕಡೆ ನಿಂತು ಮಾತಾಡಿದರೆ 45 ಬೇರೆ ಬೇರೆ ಮಾತುಕತೆ ಬೇಕಿಲ್ಲ. ಒಬ್ಬರು ಹೇಳಿದ್ದು ಒಂದೇ ಸಲಕ್ಕೆ ಒಂಬತ್ತು ಜನರಿಗೆ ಮುಟ್ಟುತ್ತದೆ.

ಇಚಲಕರಂಜಿಯ ಮಗ್ಗ ಹೇಳುವ ಪಾಠ

ಈ ವಿಚಾರದ ಬೇರು ಕಂಪ್ಯೂಟರಿಗಿಂತ ಹಳೆಯದು. ಅದು ಇರುವುದು ಮಗ್ಗದಲ್ಲಿ!

ಇಚಲಕರಂಜಿಯ ಮಕ್ಕಳಿಗೆ ಪವರ್‌ಲೂಮ್ ಹೊಸದಲ್ಲ. 1904ರಲ್ಲಿ ವಿಠ್ಠಲರಾವ್ ದಾತಾರ ಅವರು ಅಲ್ಲಿ ಮೊದಲ ಪವರ್‌ಲೂಮ್ ಹಾಕಿದರು. ಇವತ್ತು ಆ ಊರಿನ ಎಷ್ಟೋ ಓಣಿಗಳಲ್ಲಿ ಮಗ್ಗದ ಖಟಪಟ ಸದ್ದು ಕೇಳುತ್ತದೆ. ಬಟ್ಟೆಯಲ್ಲಿ ಉದ್ದಕ್ಕೆ ಇರುವ ಎಳೆ ಹಾಸು, ಅಡ್ಡಕ್ಕೆ ಲಾಳಿ ಒಯ್ಯುವ ಎಳೆ ಹೊಕ್ಕು. ಹಾಸಿನಲ್ಲಿ ಸಾವಿರಾರು ಎಳೆಗಳಿರುತ್ತವೆ. ಅದರಲ್ಲಿ ಒಂದು ಹರಿದರೂ, ಮಗ್ಗ ನಿಲ್ಲದೆ ಓಡುತ್ತಿದ್ದರೆ ಬಟ್ಟೆಯ ಉದ್ದಕ್ಕೂ ಒಂದು ಗೆರೆ ಬೀಳುತ್ತದೆ. ಹತ್ತು ಮೀಟರ್ ನೇಯ್ದ ಮೇಲೆ ಕಂಡರೆ ಹತ್ತು ಮೀಟರೂ ಹಾಳು.

ಜಪಾನಿನ ಬಡಗಿಯೊಬ್ಬರ ಮಗ ಸಕಿಚಿ ಟೊಯೊಡಾ ಈ ತೊಂದರೆಗೆ ಉಪಾಯ ಹುಡುಕುತ್ತಾ ಬದುಕನ್ನೇ ಕಳೆದರು. 1924ರಲ್ಲಿ ಪೂರ್ಣಗೊಂಡ ಅವರ ಸ್ವಯಂಚಾಲಿತ ಮಗ್ಗ, ಎಳೆ ಹರಿದರೆ ತಾನೇ ನಿಲ್ಲುತ್ತಿತ್ತು. ಇಂಥ ಮಗ್ಗಗಳ ಒಂದು ತಂತ್ರ ಬಹಳ ಸರಳ. ಹಾಸಿನ ಪ್ರತಿ ಎಳೆಯ ಮೇಲೆ ಒಂದು ತೆಳು ಲೋಹದ ಪಟ್ಟಿ ಜೋತುಬಿದ್ದಿರುತ್ತದೆ. ಎಳೆ ಬಿಗಿಯಾಗಿರುವ ತನಕ ಅದು ಪಟ್ಟಿಯನ್ನು ಎತ್ತಿ ಹಿಡಿದಿರುತ್ತದೆ. ಎಳೆ ಹರಿದ ತಕ್ಷಣ ಗುರುತ್ವದಿಂದ ಪಟ್ಟಿ ಕೆಳಗೆ ಬೀಳುತ್ತದೆ. ಬಿದ್ದ ಪಟ್ಟಿ ಚಲನೆಯನ್ನು ತಡೆಯುತ್ತದೆ, ಇಲ್ಲವೇ ವಿದ್ಯುತ್ ಮಂಡಲವನ್ನು ಪೂರ್ಣಗೊಳಿಸುತ್ತದೆ. ಮಗ್ಗ ನಿಲ್ಲುತ್ತದೆ. ಒಬ್ಬನೇ ನೇಕಾರ ಹತ್ತಾರು ಮಗ್ಗ ನೋಡಿಕೊಳ್ಳಬಹುದು. ನಿಂತ ಮಗ್ಗದ ಹತ್ತಿರ ಹೋಗಿ ಎಳೆ ಗಂಟು ಹಾಕಿದರೆ ಸಾಕು.

1929ರಲ್ಲಿ ಈ ಮಗ್ಗದ ಪೇಟೆಂಟ್ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಕೊಂಡಿತು. ಆ ಕುಟುಂಬವೇ ಮುಂದೆ ಕಾರಿನ ಉದ್ಯಮಕ್ಕಿಳಿದು 1937ರಲ್ಲಿ ಟೊಯೊಟಾ ಮೋಟರ್ ಕಂಪನಿ ಶುರುವಾಯಿತು. ಬೆಂಗಳೂರು ಹತ್ತಿರದ ಬಿಡದಿಯಲ್ಲಿ ಇರುವುದು ಅದೇ ಟೊಯೊಟಾದ ಪಾಲುದಾರಿಕೆಯ ಕಾರ್ಖಾನೆ. ಟೊಯೊಡಾ ಕುಟುಂಬದ ಜವಳಿ ಕಂಪನಿಯಲ್ಲಿ ಕೆಲಸ ಶುರುಮಾಡಿ ಆಮೇಲೆ ಕಾರಿನ ಕಡೆಗೆ ಬಂದ ತೈಚಿ ಓನೊ ಎಂಬ ಎಂಜಿನಿಯರ್, ಮಗ್ಗದ ಈ ಗುಣವನ್ನು ಕಾರ್ಖಾನೆಯ ಮನುಷ್ಯರಿಗೂ ತಂದರು. ಟೊಯೊಟಾದ ಜೋಡಣೆ ಸಾಲಿನ ಪಕ್ಕದಲ್ಲಿ ಒಂದು ಹಗ್ಗ ಇರುತ್ತದೆ. ದೋಷ ಕಂಡ ಯಾವ ಕಾರ್ಮಿಕನೂ ಅದನ್ನು ಎಳೆಯಬಹುದು. ದೀಪ ಹತ್ತುತ್ತದೆ, ತಂಡದ ಮುಖ್ಯಸ್ಥ ಓಡಿ ಬರುತ್ತಾನೆ. ತೊಂದರೆ ಕೂಡಲೇ ಬಗೆಹರಿಯದಿದ್ದರೆ ಸಾಲು ನಿಲ್ಲುತ್ತದೆ. ಹಗ್ಗ ಎಳೆದದ್ದು ತಪ್ಪಲ್ಲ, ಅದು ಅವನ ಕೆಲಸ.

ಅಲ್ಲಿಂದ ಈ ವಿಚಾರ ಸಾಫ್ಟ್‌ವೇರಿಗೆ ಬಂತು. ಹಲವು ತಂಡಗಳಲ್ಲಿ ಒಬ್ಬರು ಹೊಸ ಪ್ರೋಗ್ರಾಂ ತುಣುಕು ಸೇರಿಸಿದ ಕೂಡಲೇ ಕಂಪ್ಯೂಟರ್ ತಾನಾಗಿಯೇ ನೂರಾರು ಪರೀಕ್ಷೆ ನಡೆಸುತ್ತದೆ. ಎಲ್ಲಾದರೂ ತಪ್ಪಿದ್ದರೆ ಪರದೆಯ ಮೇಲೆ ಕೆಂಪು ಗುರುತು ಬರುತ್ತದೆ. ಅದು ಮಗ್ಗದ ಲೋಹದ ಪಟ್ಟಿ ಬಿದ್ದ ಹಾಗೆ. ಮುಂಜಾನೆಯ ಸಭೆಯ ಮೂರನೇ ಪ್ರಶ್ನೆ ಮನುಷ್ಯನ ಕೈಗೆ ಕೊಟ್ಟ ಹಗ್ಗದ ಹಾಗೆ.

ಮಂಗಳದ ಹತ್ತಿರ ನಡೆದ ಅನಾಹುತ

ನಮ್ಮ 8 ಸೆಂಟಿಮೀಟರ್-8 ಇಂಚಿನ ಗೊಂದಲ ಕೇಳಿ ನಕ್ಕಿರಾ? ಇದೇ ಬಗೆಯ ಗೊಂದಲದಿಂದ ನಾಸಾ ಒಂದು ನೌಕೆಯನ್ನೇ ಕಳೆದುಕೊಂಡಿತು.

ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1998ರ ಡಿಸೆಂಬರ್ 11ರಂದು ಮಂಗಳದತ್ತ ಹೊರಟಿತು. ದಾರಿಯಲ್ಲಿ ಆಗಾಗ ಸಣ್ಣ ರಾಕೆಟ್‌ಗಳನ್ನು ಉರಿಸಿ ಅದನ್ನು ಸರಿಯಾದ ಸ್ಥಿತಿಯಲ್ಲಿ ಇಡಬೇಕಿತ್ತು. ಆ ತಳ್ಳುವಿಕೆಯ ಲೆಕ್ಕ ಹೇಳುವ ಭೂಮಿಯ ಮೇಲಿನ ಸಾಫ್ಟ್‌ವೇರ್, ಉತ್ತರವನ್ನು ಪೌಂಡ್-ಸೆಕೆಂಡಿನಲ್ಲಿ ಕೊಡುತ್ತಿತ್ತು. ಪಥ ಲೆಕ್ಕ ಹಾಕುವ ತಂಡ ಅದು ನ್ಯೂಟನ್-ಸೆಕೆಂಡಿನಲ್ಲಿ ಇದೆ ಎಂದುಕೊಂಡಿತ್ತು. ಒಂದು ಪೌಂಡ್ ಬಲ ಅಂದರೆ ಸುಮಾರು 4.45 ನ್ಯೂಟನ್. ಪ್ರತಿ ಸಲವೂ ತಪ್ಪು ಸೇರುತ್ತಾ ಹೋಯಿತು.

1999ರ ಸೆಪ್ಟೆಂಬರ್ 23ರಂದು ನೌಕೆ ಮಂಗಳವನ್ನು ಮುಟ್ಟಿತು. ಅದು ಉಳಿಯಬೇಕಾದರೆ ಮಂಗಳದ ಮೇಲ್ಮೈಯಿಂದ ಕನಿಷ್ಠ 80 ಕಿ.ಮೀ. ಎತ್ತರದಲ್ಲಿ ಇರಬೇಕಿತ್ತು. ಅದು ಸುಮಾರು 57 ಕಿ.ಮೀ. ಎತ್ತರಕ್ಕೆ ಇಳಿದಿತ್ತು ಎಂದು ಆಮೇಲಿನ ಲೆಕ್ಕದಿಂದ ತಿಳಿಯಿತು. ನೌಕೆ ಗ್ರಹದ ಹಿಂದೆ ಮರೆಯಾಯಿತು, ಮತ್ತೆ ಸಂಕೇತ ಬರಲೇ ಇಲ್ಲ.

ಇಲ್ಲಿ ನಾವು ಗಮನಿಸಬೇಕಾದ್ದು ಏಕಮಾನದ ತಪ್ಪನ್ನಷ್ಟೇ ಅಲ್ಲ. ಲೆಕ್ಕ ಎಲ್ಲೋ ಹೊಂದುತ್ತಿಲ್ಲ ಎಂಬ ಅನುಮಾನ ಪಥ ನೋಡಿಕೊಳ್ಳುತ್ತಿದ್ದವರಿಗೆ ಮೊದಲೇ ಬಂದಿತ್ತು. ಆದರೆ ಆ ಅನುಮಾನ ಸರಿಯಾದ ಜಾಗಕ್ಕೆ ಮುಟ್ಟಿ ಬಗೆಹರಿಯಲಿಲ್ಲ. ವಿಚಾರಣಾ ಮಂಡಳಿ ತನ್ನ ವರದಿಯಲ್ಲಿ ತಂಡಗಳ ನಡುವಿನ ಸಂವಹನ ಸಾಲದೆ ಹೋದದ್ದನ್ನೂ ಒಂದು ಕಾರಣವಾಗಿ ಹೆಸರಿಸಿತು. ಅಂದರೆ ಅಲ್ಲಿಯೂ ಎಳೆ ಹರಿದದ್ದು ಕಂಡಿತ್ತು, ಮಗ್ಗ ಮಾತ್ರ ನಿಲ್ಲಲಿಲ್ಲ.

ಪಹಣಿ, ಉತಾರ, ಸಾತ್‌ಬಾರಾ

ಮಾತು ತಂಡದ ಒಳಗಷ್ಟೇ ಸಾಲದು, ಬಳಸುವವರ ಜೊತೆಗೂ ಬೇಕು. ಇದಕ್ಕೆ ಕರ್ನಾಟಕದ 'ಭೂಮಿ' ಯೋಜನೆ ಒಳ್ಳೆಯ ಉದಾಹರಣೆ. ಹೊಲ ಯಾರದ್ದು, ಎಷ್ಟು, ಯಾವ ಬೆಳೆ ಎಂದು ಹೇಳುವ ಕಾಗದಕ್ಕೆ ಬೆಂಗಳೂರು ಕಡೆ ಪಹಣಿ ಎನ್ನುತ್ತಾರೆ, ಬೆಳಗಾವಿ ಕಡೆ ಉತಾರ, ನಮ್ಮ ಕೊಲ್ಹಾಪುರ ಜಿಲ್ಲೆಯಲ್ಲಿ ಸಾತ್‌ಬಾರಾ. ಕರ್ನಾಟಕ ಸರ್ಕಾರ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿ, 177 ತಾಲೂಕುಗಳಲ್ಲಿ ಕಿಟಕಿ ತೆರೆದು, 15 ರೂಪಾಯಿಗೆ ಪಹಣಿಯ ಪ್ರತಿ ಕೊಡತೊಡಗಿತು. ಇದು 2001ರ ಸುಮಾರಿಗೆ, ಅಂದರೆ ಅಜೈಲ್ ಪ್ರಣಾಳಿಕೆ ಬಂದ ಕಾಲದಲ್ಲೇ.

ಅದನ್ನು ಅಜೈಲ್ ಯೋಜನೆ ಎಂದು ಕರೆಯಲಾಗದು. ಆದರೆ ಅದರಲ್ಲೊಂದು ಹೆಜ್ಜೆ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಕಂಪ್ಯೂಟರಿಗೆ ಹಾಕಿದ ಮಾಹಿತಿಯನ್ನು ಅಚ್ಚು ತೆಗೆದು ಗ್ರಾಮ ಲೆಕ್ಕಿಗರ ಕೈಗೆ ಕೊಟ್ಟು, ಹಳೆಯ ಕೈಬರಹದ ದಾಖಲೆಯ ಜೊತೆ ತಾಳೆ ನೋಡಿಸಿದರು. ಊರಿನ ಹೊಲ, ಊರಿನ ಹೆಸರು ಗೊತ್ತಿರುವುದು ಅವರಿಗೆ ತಾನೇ? ಕಂಪ್ಯೂಟರಿನ ಮುಂದೆ ಕೂತವರಿಗೆ ಒಂದು ಅಕ್ಷರದ ತಪ್ಪು ಸಣ್ಣದು. ರೈತನಿಗೆ ಅದು ಬ್ಯಾಂಕಿನ ಸಾಲ ನಿಲ್ಲಿಸುವ ತಪ್ಪು. ಯಾರಿಗಾಗಿ ಮಾಡುತ್ತೇವೋ ಅವರಿಗೆ ನಡುವೆಯೇ ತೋರಿಸಿ ಕೇಳಬೇಕು ಎಂಬುದು ಅಜೈಲಿನ ಇನ್ನೊಂದು ಮುಖ್ಯ ಪಾಠ.

ಗಡಿಯಾರ ಬೇರೆ, ತಂಡ ಒಂದೇ

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಬಂದು, ಉಪಗ್ರಹದ ಮೂಲಕ ಹೊರದೇಶದ ತನ್ನ ಕಚೇರಿಗಳ ಜೊತೆ ಸಂಪರ್ಕ ಇಟ್ಟುಕೊಂಡು ಕೆಲಸ ಶುರುಮಾಡಿತು. ಇವತ್ತು ಬೆಂಗಳೂರು, ಪುಣೆಗಳಲ್ಲಿ ಎಷ್ಟೋ ತಂಡಗಳ ಅರ್ಧ ಜನ ಇಲ್ಲಿ, ಅರ್ಧ ಜನ ಸಮುದ್ರದ ಆಚೆ. ಇಲ್ಲಿ ಭೂಗೋಳದ ಪಾಠ ಅಡ್ಡ ಬರುತ್ತದೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ನಮ್ಮ ದೇಶದ ಪ್ರಮಾಣ ವೇಳೆಯ ರೇಖಾಂಶ 82.5 ಡಿಗ್ರಿ ಪೂರ್ವ. 82.5 × 4 = 330 ನಿಮಿಷ, ಅಂದರೆ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಚಳಿಗಾಲದಲ್ಲಿ ಇಲ್ಲಿ ಮುಂಜಾನೆ 9 ಗಂಟೆಯಾದಾಗ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಿಂದಿನ ದಿನದ ಸಂಜೆ 7.30.

ಹಾಗಾಗಿ ಒಬ್ಬರ ಮುಂಜಾನೆಯ ಸಭೆ ಇನ್ನೊಬ್ಬರಿಗೆ ರಾತ್ರಿಯ ಸಭೆ. ಇವತ್ತು ಕೇಳಿದ ಪ್ರಶ್ನೆಗೆ ಉತ್ತರ ನಾಳೆ ಬರುತ್ತದೆ. ಅದಕ್ಕೇ ಇಂಥ ತಂಡಗಳು ಮಾತಿನ ಜೊತೆಗೆ ಬರವಣಿಗೆಯನ್ನೂ ಚೆನ್ನಾಗಿ ಇಡಬೇಕಾಗುತ್ತದೆ. ಅಜೈಲ್ ಅಂದರೆ ಬರೀ ಮಾತು, ಏನೂ ಬರೆಯಬೇಕಿಲ್ಲ ಎಂದು ತಿಳಿಯುವುದು ತಪ್ಪು. ಹಾಗೆಯೇ ದಿನವಿಡೀ ಸಭೆ ಮಾಡುತ್ತಾ ಕೂತರೂ ಕೆಲಸ ಸಾಗುವುದಿಲ್ಲ.

ಉಪಗ್ರಹ ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿದ್ದರೆ ಸಂಕೇತ ಮೇಲೆ ಹೋಗಿ ಕೆಳಗೆ ಬರಲು ಸುಮಾರು ಕಾಲು ಸೆಕೆಂಡು ಸಾಕು. ಆದರೆ ನನ್ನ ವಿದ್ಯಾರ್ಥಿನಿ ಹೇಳಿದ ತಡ ಬೇರೆಯದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಒಂದು ಸಣ್ಣ ತೊಡಕಿನಲ್ಲಿ ಸಿಕ್ಕಿಕೊಂಡು ಮೂರು ದಿನ ಸುಮ್ಮನಿದ್ದಳಂತೆ. "ಸರ್, ಎಲ್ಲಾರೂ ಇಂಗ್ಲಿಷ್‌ನ್ಯಾಗ ಪಟಪಟ ಮಾತಾಡ್ತಿದ್ರು. ನಾ ಕನ್ನಡ ಸಾಲಿ ಹುಡುಗಿ, ತಪ್ಪು ಮಾತಾಡಿದ್ರ ನಗ್ತಾರ ಅಂತ ದಿನಾ 'ಎಲ್ಲಾ ಸರಿ ಐತಿ' ಅಂತಿದ್ದೆ." ನಾಲ್ಕನೇ ದಿನ ಧೈರ್ಯ ಮಾಡಿ ಮುರುಕು ಇಂಗ್ಲಿಷಿನಲ್ಲೇ ಹೇಳಿದಳು. ಯಾರೂ ನಗಲಿಲ್ಲ. ಪಕ್ಕದವರು ಬಂದು ಇಪ್ಪತ್ತು ನಿಮಿಷದಲ್ಲಿ ಬಿಡಿಸಿಕೊಟ್ಟರು.

ಕನ್ನಡ ಮಾಧ್ಯಮದ ಮಕ್ಕಳೇ, ಇಂಗ್ಲಿಷ್ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ "ನಾನು ಇಲ್ಲಿ ಸಿಕ್ಕಿಕೊಂಡಿದ್ದೀನಿ" ಎನ್ನಲು ಬೇಕಾದ್ದು ನಾಲ್ಕೇ ಮಾತು. ಅದನ್ನು ಹೇಳುವ ಅಭ್ಯಾಸವನ್ನು ಈಗಲೇ, ನಿಮ್ಮ ಭಾಷೆಯಲ್ಲೇ ಶುರುಮಾಡಬಹುದು. ಗಡಿಯ ಮಕ್ಕಳಾದ ನೀವು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಮಾತಾಡುತ್ತೀರಿ. ಎದುರಿನವರಿಗೆ ತಿಳಿಯುವ ಹಾಗೆ ಮಾತು ಬದಲಿಸುವುದು ನಿಮಗೆ ಆಗಲೇ ಗೊತ್ತು.

ಮಾಡಿ ನೋಡಿ

ಮುಂದಿನ ಸಲ ಪ್ರಾಜೆಕ್ಟ್ ಮಾಡುವಾಗ ಹೀಗೆ ಮಾಡಿ:

1. ಗುಂಪಿನಲ್ಲಿ ಐದಾರು ಜನರಷ್ಟೇ ಇರಲಿ.
2. ಹಳೆಯ ರಟ್ಟಿನ ಮೇಲೆ ಮೂರು ಕಾಲಂ ಎಳೆಯಿರಿ: ಮಾಡಬೇಕಾದ್ದು, ನಡೆಯುತ್ತಿರುವುದು, ಮುಗಿದದ್ದು. ಒಂದೊಂದು ಕೆಲಸವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಅಂಟಿಸಿ. ಕೆಲಸ ಸಾಗಿದಂತೆ ಚೀಟಿಯನ್ನು ಮುಂದಕ್ಕೆ ಸರಿಸಿ.
3. ದಿನಾ ಪ್ರಾರ್ಥನೆಗೆ ಮೊದಲು ಹತ್ತು ನಿಮಿಷ ಆ ರಟ್ಟಿನ ಮುಂದೆ ನಿಂತು ಮೂರು ಪ್ರಶ್ನೆಗೆ ಉತ್ತರ ಹೇಳಿ.
4. "ಸಿಕ್ಕಿಕೊಂಡಿದ್ದೀನಿ" ಎಂದವರಿಗೆ ಯಾರೂ ನಗಬಾರದು. ಇದು ಎಲ್ಲಕ್ಕಿಂತ ಮುಖ್ಯವಾದ ನಿಯಮ.
5. ಯಾವ ಅಳತೆ ಬರೆದರೂ ಪಕ್ಕದಲ್ಲಿ ಏಕಮಾನ ಬರೆಯಿರಿ!
6. ವಾರಕ್ಕೊಮ್ಮೆ ಮಾಡಿದ್ದನ್ನು ಬೇರೆಯವರಿಗೆ ತೋರಿಸಿ. ನೀರಾವರಿ ಮಾದರಿಯಾದರೆ ಮನೆಯಲ್ಲಿ ಅಪ್ಪನಿಗೆ, ಅಜ್ಜನಿಗೆ ತೋರಿಸಿ ಕೇಳಿ.

ಮರುವರ್ಷ ನಾವು ಅದೇ ಮಾದರಿಯನ್ನು ಹೀಗೇ ಮಾಡಿದೆವು. ತೊಂದರೆ ಬರಲಿಲ್ಲ ಎಂದಲ್ಲ. ಮಣ್ಣಿನ ತೇವ ಅಳೆಯಲು ಎರಡು ಕಬ್ಬಿಣದ ಮೊಳೆ ಚುಚ್ಚಿದ್ದೆವು. ನಾಲ್ಕನೇ ದಿನ ಮುಂಜಾನೆ ರಟ್ಟಿನ ಮುಂದೆ ನಿಂತಾಗ ಒಂದು ದನಿ ಬಂತು, "ಸರ್, ಒಂದ ಮೊಳಿ ಭಾಳ ಜಂಗ್ ಹಿಡದೈತ್ರಿ, ಇನ್ನೊಂದಕ್ಕ ಏನೂ ಆಗಿಲ್ರಿ." ನೋಡಿದರೆ ಹೌದು. ಬ್ಯಾಟರಿಯ ಧನ ತುದಿಗೆ ಸೇರಿದ ಮೊಳೆ ಹಸಿ ಮಣ್ಣಿನಲ್ಲಿ ವಿದ್ಯುದ್ವಿಭಜನೆಯಿಂದ ಸವೆಯುತ್ತಿತ್ತು. ಮೊಳೆ ತೆಗೆದು ಪೆನ್ಸಿಲ್ಲಿನ ಗ್ರಾಫೈಟ್ ಕಡ್ಡಿ ಹಾಕಿದೆವು. ಅರ್ಧ ಗಂಟೆಯ ಕೆಲಸ.

ಆ ದನಿ ಯಾರದ್ದು ಗೊತ್ತಾ? ಹಿಂದಿನ ವರ್ಷ ಅಂಜಿ ಸುಮ್ಮನಿದ್ದ ಅದೇ ಹುಡುಗಿಯದ್ದು. ಆಗ ಅವಳು ಹತ್ತನೇ ತರಗತಿಗೆ ಬಂದಿದ್ದಳು. ನಾನು ಏನೂ ಅನ್ನಲಿಲ್ಲ. ರಟ್ಟಿನ ಮೇಲೆ ಒಂದು ಹೊಸ ಚೀಟಿ ಅಂಟಿಸಲು ಅವಳ ಕೈಗೇ ಪೆನ್ನು ಕೊಟ್ಟೆ.